ಹಕ್ಕೆ ಇಳಿ ಕೊಟ್ಟರೆ ಹಾ

ಕಳೆದ ವಾರ ಅಮ್ಮ ನನಗೆ ಒಂದೇ ಸಾಲಿನ ಮೆಸೇಜ್ ಕಳಿಸಿದಳು: "ಬಾಬೂಜಿ ಲಾಗಿನ್ ತೆಗೆದುಬಿಡು."

ಎರಡು ನಿಮಿಷದ ಕೆಲಸ. ಇಂಥದನ್ನೆಲ್ಲ ನಾನು ಬಲಗೈಯಲ್ಲಿ ಪರಾಠಾ ತಿನ್ನುತ್ತಾ ಎಡಗೈಯಲ್ಲಿ ಮಾಡಿ ಮುಗಿಸುವವಳು. ಬಟನ್ ಒತ್ತಿದೆ. ಪರದೆ ಒಂದು ಪ್ರಶ್ನೆ ಕೇಳಿತು: ಈ ವ್ಯಕ್ತಿಯ ಫೈಲುಗಳನ್ನು ಯಾರಿಗೆ ಒಪ್ಪಿಸಬೇಕು?

ಪರಾಠಾ ತಟ್ಟೆಯಲ್ಲೇ ತಣ್ಣಗಾಯಿತು.

ಬಾಬೂಜಿ ಅಂತ ಅವರನ್ನು ಕರೆಯುತ್ತಿದ್ದದ್ದು ಆಫೀಸಿನವರು. ನೆಂಟರಲ್ಲದಿದ್ದರೂ ನಾನು ಮಾಮ ಅನ್ನುತ್ತಿದ್ದೆ. ನಮ್ಮಮ್ಮನ ಕಂಪನಿಯ ಅಷ್ಟೂ ಕಾಗದಪತ್ರ ಅವರ ಸುಪರ್ದಿಯಲ್ಲಿತ್ತು. ಅದಕ್ಕೂ ಮೊದಲು ದಿಲ್ಲಿಯ ಒಂದು ಮಂತ್ರಾಲಯದ ರೆಕಾರ್ಡ್ ರೂಮಿನಲ್ಲಿ, ನಾನು ಹುಟ್ಟುವ ಎಷ್ಟೋ ವರ್ಷ ಮುಂಚಿನಿಂದ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಸರ್ಕಾರವನ್ನು ಕಟ್ಟಿ ಕಟ್ಟಿ ಇಟ್ಟವರು. ಅಲ್ಲಿ ನಿವೃತ್ತರಾದ ಮರುವಾರವೇ ನಮ್ಮಲ್ಲಿಗೆ ಬಂದರು. ಈಗ ಅವರ ಕಣ್ಣು ಮಂಜಾಗಿದೆಯೆಂದು ಮಗಳು ಗ್ರೇಟರ್ ನೋಯ್ಡಾದ ಹದಿನೇಳನೇ ಮಹಡಿಗೆ ಕರೆದುಕೊಂಡು ಹೋಗಿದ್ದಾಳೆ. ಇದು ಎರಡನೇ ನಿವೃತ್ತಿ.

ಮಾಮ ತೆಳ್ಳಗಿದ್ದರು. ಫ್ಯಾನನ್ನು ಮೂರನೇ ನಂಬರಿಗೆ ತಿರುಗಿಸಿದರೆ ಕಾಗದದ ಮೇಲಿನ ಪೇಪರ್‌ವೆಯ್ಟನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಚಳಿಗಾಲದಲ್ಲಿ ಮಂಕಿ ಕ್ಯಾಪು, ಅದರೊಳಗೆ ಇನ್ನೊಂದು ಟೋಪಿ. ಮಾತಾಡುವ ಮುಂಚೆ ಪೆನ್ನಿನ ಮುಚ್ಚಳ ಹಾಕುತ್ತಿದ್ದರು. ಟಿಕ್. ಆಮೇಲೆ ಮಾತು. ಯಾರು ಏನೇ ಹೇಳಲಿ, ಹೊಗಳಲಿ, ಬೈಯಲಿ, ಅವರ ಉತ್ತರ ಒಂದೇ: "ನೋಟೆಡ್." ಒಮ್ಮೆ ಆಫೀಸಿನ ಪಾಂಡೆ ಭಯ್ಯಾ ಬಿಸಿ ಚಹಾವನ್ನು ಇವರ ಮಡಿಲಿಗೇ ಸುರಿದುಬಿಟ್ಟ. ಇವರು ಎದ್ದು, ಟಿಕ್, ಪ್ಯಾಂಟ್ ನೋಡಿಕೊಂಡು "ನೋಟೆಡ್" ಅಂದರು.

ಕಂಪನಿ ಅಂದರೆ ದೊಡ್ಡದೇನಲ್ಲ. ಘಾಜಿಯಾಬಾದಿನಲ್ಲಿ ಒಂದು ಹಾಸಿಗೆ ಗೋದಾಮಿನ ಮೇಲಿನ ಮಹಡಿ, ಹನ್ನೊಂದು ಜನ. ಕಾರ್ಖಾನೆಯ ಬಾಯ್ಲರುಗಳ ಮೇಲೆ ಗಡಿಯಾರದ ಥರ ಒಂದು ಗೇಜು ಇರುತ್ತದಲ್ಲ, ಒಳಗೆ ಎಷ್ಟು ಒತ್ತಡ ಇದೆ ಎಂದು ತೋರಿಸುವುದು, ಅದು ಸರಿಯಾಗಿ ತೋರಿಸುತ್ತಿದೆಯೇ ಎಂದು ನಮ್ಮವರು ಪರೀಕ್ಷೆ ಮಾಡಿಕೊಡುತ್ತಾರೆ. ಮುಳ್ಳು ಸುಳ್ಳು ಹೇಳಿದರೆ ಬಾಯ್ಲರ್ ಸಿಡಿಯುತ್ತದೆ. ಅದಕ್ಕೇ ಒಂದೊಂದು ಗೇಜಿಗೂ ಒಂದೊಂದು ಹಾಳೆ: ಯಾವ ಗೇಜು, ಎಷ್ಟು ತೋರಿಸಿತು, ಎಷ್ಟು ತೋರಿಸಬೇಕಿತ್ತು, ಯಾರು ನೋಡಿದರು, ಸಹಿ. ಆ ಹಾಳೆಗಳಿದ್ದರೆ ಕಂಪನಿ. ಅವಿಲ್ಲದಿದ್ದರೆ ನಮ್ಮ ಮುದ್ರೆಗೆ ಬೆಲೆಯೇ ಇಲ್ಲ.

ಆ ಹಾಳೆಗಳ ಸ್ಕ್ಯಾನು, ಪತ್ರ, ಚಿತ್ರ, ಎಲ್ಲವೂ ಮೂಲೆಯ ಒಂದು ಮುದಿ ಕಂಪ್ಯೂಟರಿನಲ್ಲಿ. ಎಲ್ಲರೂ ತಮ್ಮ ತಮ್ಮ ಮೇಜಿನಿಂದ ಅದರೊಳಗೇ ಕೈ ಹಾಕಬೇಕು. ಅದಕ್ಕೆ ಮಾಮ ಹಳೇ ಪರದೆ ಬಟ್ಟೆಯ ಗವಸು ಹೊಲಿಸಿದ್ದರು, ಆಯುಧ ಪೂಜೆಗೆ ಕುಂಕುಮ ಇಡುತ್ತಿದ್ದರು. ಫೋಲ್ಡರುಗಳಿಗೆ ಹೆಸರಿಟ್ಟದ್ದೂ ಅವರೇ. ಕನ್ನಡದಲ್ಲಿ, ಆದರೆ ಇಂಗ್ಲಿಷ್ ಅಕ್ಷರದಲ್ಲಿ. BANDADDU ಅಂದರೆ ಬಂದ ಪತ್ರ, HOGIDDU ಅಂದರೆ ಕಳಿಸಿದ ಪತ್ರ. ಎಸೆಯಬೇಕಾದದ್ದು BEDA.

ಬೇಡಾ ಅಂದರೇನೆಂದು ಪಾಂಡೆ ಭಯ್ಯಾ ತಲೆ ಕೆರೆದುಕೊಳ್ಳುತ್ತಿದ್ದ. "ಬಾಬೂಜಿ, ಯೇ ಬೇಡಾ ಕ್ಯಾ ಚೀಜ್ ಹೈ?"

"ತುಮ್ಹಾರೇ ಕಾಮ್ ಕೀ ಚೀಜ್ ನಹೀ," ನಿನಗೆ ಬೇಕಾದ್ದಲ್ಲ, ಅನ್ನುತ್ತಿದ್ದರು ಮಾಮ. ಹಿಂದೊಮ್ಮೆ ಯಾರೋ ಅರ್ಧ ಫೋಲ್ಡರ್ ಅಳಿಸಿದ ಮೇಲೆ ಮಾಡಿಕೊಂಡ ಏರ್ಪಾಡಂತೆ. ನನಗೆ ಗುಟ್ಟಾಗಿ ಹೇಳಿದ್ದರು: "ಪಾಸ್‌ವರ್ಡ್ ಆದ್ರೆ ಮರೆತುಹೋಗತ್ತೆ ಪುಟ್ಟಿ. ಕನ್ನಡ ಮರೆಯಲ್ಲ ನೋಡು."

ಇನ್ನೊಂದು ವಿಷಯ. ಆ ಕಂಪ್ಯೂಟರಿನ ಕೀಬೋರ್ಡಿನಲ್ಲಿ 'ಎ' ಕೀಲಿ ಕೆಟ್ಟಿತ್ತು. ಒಂದು ಸಲ ಒತ್ತಿದರೆ ಒಂದು ಎ ಬರುತ್ತಿತ್ತು. ಬೆನ್ನಿಗೇ ಎರಡನೇ ಸಲ ಒತ್ತಿದರೆ ಸಿಕ್ಕಿಕೊಂಡು, ಯಾರೋ ಬಾವಿಗೆ ಬಿದ್ದ ಹಾಗೆ ಸಾಲುಗಟ್ಟಲೆ ಆಆಆ ಎಂದು ಓಡುತ್ತಿತ್ತು. ಆದ್ದರಿಂದ ಮಾಮನ ಕನ್ನಡದಲ್ಲಿ ಎಂಥ ದೀರ್ಘಕ್ಕೂ ಒಂದೇ ಎ. ಇದು ತಮಾಷೆ ಎಂದು ಅಂದುಕೊಂಡಿದ್ದೆ.

ಅವರದೊಂದು ಚೀಟಿ ಪುಸ್ತಕವೂ ಇತ್ತು. ಸರ್ಕಾರದಲ್ಲಿ ಹಳೆಯ ಕಡತ ಎಸೆಯಬೇಕಾದರೆ ಪಟ್ಟಿ ಮಾಡಿ, ದೊಡ್ಡವರ ಸಹಿ ತೆಗೆದುಕೊಳ್ಳಬೇಕಂತೆ. ಅದಕ್ಕೆ ಅವರ ಕನ್ನಡ, ಕಳೆ ಕೀಳೋ ಪಟ್ಟಿ. ಹಾಳೆಗಳೆಲ್ಲ ಸ್ಕ್ಯಾನ್ ಆದ ಮೇಲೆ ಕಾಗದವನ್ನು ಕಬಾಡಿವಾಲನಿಗೆ ಹಾಕಿ ಎಂದು ಅಮ್ಮ ಒಮ್ಮೆ ಹೇಳಿದಾಗ ಇವರು ಚೀಟಿ ಹಿಡಿದು ನಿಂತಿದ್ದರು.

"ಒಂದು ಸಹಿ ಮೇಡಂ."

"ರದ್ದಿ ಹಾಕೋಕೂ ಸಹಿನಾ ಬಾಬೂಜಿ? ನಂಗೆ ಬೇರೆ ಕೆಲಸ ಇಲ್ವಾ?"

"ನೋಟೆಡ್," ಎಂದು ಚೀಟಿ ಮಡಚಿ ಜೇಬಿಗಿಟ್ಟುಕೊಂಡರು. ಮರುದಿನದಿಂದ ಆ ಕಟ್ಟುಗಳು ಆಫೀಸಿನಲ್ಲಿ ಕಾಣಲಿಲ್ಲ. ಎಲ್ಲಿ ಹೋದವೆಂದು ಯಾರೂ ಕೇಳಲಿಲ್ಲ.

ಕಳೆದ ವರ್ಷ ಬೇಸಿಗೆಯಲ್ಲಿ ಆ ಮುದಿ ಯಂತ್ರ ಸತಾಯಿಸತೊಡಗಿತು. ಒಬ್ಬರು ಫೈಲು ತೆರೆದರೆ ಇನ್ನೊಬ್ಬರಿಗೆ ಬೀಗ. ದಿನವಿಡೀ ಈ ಮೂಲೆಯಿಂದ ಆ ಮೂಲೆಗೆ "ಕೌನ್ ಖೋಲ್ ಕೇ ಬೈಠಾ ಹೈ?" ಯಾರು ತೆರೆದು ಕೂತಿದ್ದೀರಿ ಎಂಬ ಕೂಗು. ಮೇಲಾಗಿ ತಪಾಸಣೆಯ ಇಲಾಖೆಯಿಂದ ಪತ್ರ ಬಂತು: ಗುರುವಾರ ಅಧಿಕಾರಿ ಬರುತ್ತಾರೆ, ಅದಕ್ಕೆ ಮೊದಲೇ ನಾಲ್ಕು ವರ್ಷದ ಹಾಳೆಗಳ ಆನ್‌ಲೈನ್ ಲಿಂಕ್ ಕಳಿಸಿ. ಎಲ್ಲರೂ ಒಟ್ಟಿಗೆ ಕೂತು ಕೆಲಸ ಮಾಡುವ ಆನ್‌ಲೈನ್ ಜಾಗವೊಂದಕ್ಕೆ ಎಲ್ಲ ಫೈಲನ್ನೂ ಸಾಗಿಸುವುದೆಂದು ಅಮ್ಮ ತೀರ್ಮಾನಿಸಿದಳು.

ನನ್ನದು ಆಗ ತಾನೇ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಮುಗಿದಿತ್ತು. "ಎರಡು ದಿನ ಸಾಕಮ್ಮ. ನಾಸಾದವರು ಕೇಳಿದ್ರೂ ಎರಡೇ ದಿನ," ಅಂದೆ.

ಮಾಮ ಟಿಕ್ ಎನ್ನಿಸಿದರು. "ಪುಟ್ಟಿ, ನಾನು ಪಕ್ಕದಲ್ಲಿ ಕೂತು ಒಂದೊಂದೇ ಹೆಸರು ಓದಿ ಹೇಳ್ಲಾ?"

"ಬೇಡ ಮಾಮ. ನಂಗೆ ಕನ್ನಡ ಬರತ್ತೆ."

ಈ ಮಾತನ್ನು ಗೋಡೆಗೆ ಬರೆಸಿ ಹಾಕಬೇಕು.

ಶನಿವಾರ, ಭಾನುವಾರ ಸಾಗಿಸಿದೆ. ಬಂದದ್ದು ಹೋಯಿತು, ಹೋಗಿದ್ದೂ ಹೋಯಿತು. ಕೊನೆಗೆ ಒಂದು ಫೋಲ್ಡರ್ ಉಳಿಯಿತು, ಆನೆ ಗಾತ್ರದ್ದು. ಹೆಸರು HALE. ನಮ್ಮ ಇಂಟರ್‌ನೆಟ್ ವೇಗದಲ್ಲಿ ಅದು ಮೇಲೆ ಹತ್ತುವಷ್ಟರಲ್ಲಿ ನನಗೆ ಮೊಮ್ಮಕ್ಕಳಾಗುತ್ತಿದ್ದರು. ನಾನು ಓದಿದೆ: ಹಳೆ. ಮನಸ್ಸಿಗೆ ಎಷ್ಟು ಹಿತವಾಯಿತು ಎಂದರೆ, ಅಲ್ಲಿಂದಲೇ ಕೂಗಿ ಕೇಳಿದೆ.

"ಮಾಮ, ಹಳೇದೆಲ್ಲ ಬೇಡ ಅಲ್ವಾ?"

ಅವರು ಫೋನಿನಲ್ಲಿದ್ದರು. ರಿಸೀವರಿಗೆ ಕೈ ಅಡ್ಡ ಇಟ್ಟರು. "ಹಳೇದಾ? ಹೋಗ್ಲಿ ಬಿಡು. ಹೋಗೋದನ್ನೇ ಬೇರೆ ಇಟ್ಟಿದೀನಿ. ಚೀಟಿ ಬರೀಲಾ?"

"ಕಂಪ್ಯೂಟರಿಗೆಲ್ಲ ಚೀಟಿ ಬೇಕಾಗಲ್ಲ ಮಾಮ."

ಸೋಮವಾರ ಆ ಮುದಿ ಯಂತ್ರವನ್ನು ಪೂರ್ತಿ ಅಳಿಸಿ, ಹೊಸದಾಗಿ ಎಲ್ಲ ಹಾಕಿದೆ. ಯಾರೂ ಹೇಳಿರಲಿಲ್ಲ. ನನಗೇ ಅನ್ನಿಸಿತು, ಪುನರ್ಜನ್ಮ ಕೊಡೋಣ ಎಂದು.

ಮಂಗಳವಾರ ಬೆಳಿಗ್ಗೆ ಅಮ್ಮ ಕರೆದಳು. "ಲಿಂಕ್ ಕಳಿಸ್ಬೇಕು. ಟೆಸ್ಟ್ ಹಾಳೆ ಎಲ್ಲಿವೆ?"

"ಎಲ್ಲ ಇದೆ ಅಮ್ಮ, ಹುಡುಕು ಅಂತ ಇದೆಯಲ್ಲ, ಅಲ್ಲಿ ಬರಿ."

ಬರೆದಳು. ಸಿಕ್ಕಿದ್ದು ಸೊನ್ನೆ. ನಾನು ಬರೆದೆ. ಸೊನ್ನೆ. ಅಮ್ಮನಿಗೆ ಫೋನ್ ಬಂದು ಒಳಗೆ ಹೋದಳು. ಮಾಮ ಬಂದು ನನ್ನ ಹಿಂದೆ ನಿಂತರು. ಕನ್ನಡಕ ಮೇಲೇರಿಸಿ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು.

"ಹಾಳೆ ಎಲ್ಲಿ ಪುಟ್ಟಿ?"

"ಯಾವ ಹಾಳೆ?"

"ಹಾಳೆ ಫೋಲ್ಡರು. ಎಚ್, ಎ, ಎಲ್, ಇ."

ನನ್ನ ಕಿವಿಯಲ್ಲಿ ಕೆಳಗಿನ ಗೋದಾಮಿನ ಹತ್ತಿ ತುಂಬಿದ ಹಾಗಾಯಿತು. "ಅದು... ಹಳೆ ಅಲ್ವಾ?"

"ಹಳೇದು ಬೇಡದಲ್ಲಿದೆ. ಇದು ಹಾಳೆ. ಹಕ್ಕೆ ಇಳಿ ಕೊಟ್ರೆ ಹಾ." ಬೆರಳಿನಿಂದ ಗಾಳಿಯಲ್ಲಿ ಆ ಇಳಿಯನ್ನು ಬರೆದು ತೋರಿಸಿದರು. ಎರಡನೇ ಎ ಇದ್ದಿದ್ದರೆ ಆ ಇಳಿ ಅಲ್ಲೇ ಇರುತ್ತಿತ್ತು. "ಎಲ್ಲಿದೆ?"

ಇಲ್ಲಿ ನಾನು ನಿಜ ಹೇಳಬಹುದಿತ್ತು. ನಾನು ಹೇಳಿದ್ದು ಇದು: "ಸಿಂಕ್ ಆಗ್ತಿದೆ ಮಾಮ. ದೊಡ್ಡದಲ್ವಾ, ಮೇಲೆ ಹತ್ತೋಕೆ ಟೈಮ್ ಹಿಡಿಯತ್ತೆ."

ನಂಬಿಕೆ ಬರಲೆಂದು ನನ್ನ ಚಿಕ್ಕಪ್ಪನ ಮದುವೆಯ ಮೂರು ಗಂಟೆಯ ವಿಡಿಯೋವನ್ನು ಮೇಲಕ್ಕೆ ಹತ್ತಲು ಬಿಟ್ಟೆ. ಪರದೆಯ ಮೂಲೆಯಲ್ಲಿ ಪುಟ್ಟ ಚಕ್ರ ತಿರುಗತೊಡಗಿತು. ಅಮ್ಮ ಬಂದು ನೋಡಿದಳು, ಚಕ್ರ. ಪಾಂಡೆ ನೋಡಿದ, ಚಕ್ರ. ಊಟದ ಹೊತ್ತಿಗೆ ಮಾಮ ಬಂದು ಕುರ್ಚಿ ಎಳೆದುಕೊಂಡು ಬಹಳ ಹೊತ್ತು ಆ ಚಕ್ರವನ್ನೇ ನೋಡುತ್ತಾ ಮೊಸರನ್ನ ತಿಂದರು. ನಾನು ಬಾತ್‌ರೂಮಿಗೆ ಹೋಗುವ ನೆಪದಲ್ಲಿ, ಅಳಿಸಿದ್ದನ್ನು ವಾಪಸ್ ತರುವ ಮಾಂತ್ರಿಕ ಸಾಫ್ಟ್‌ವೇರುಗಳನ್ನು ಫೋನಿನಲ್ಲಿ ಹುಡುಕುತ್ತಿದ್ದೆ. ಇಂಥ ಮೂರನ್ನು ಆ ಯಂತ್ರದ ಮೇಲೆ ಪ್ರಯೋಗಿಸಿದೆ. ಸಂಜೆಯ ಹೊತ್ತಿಗೆ ವಾಪಸ್ ಬಂದದ್ದು ಪಾಂಡೆ ಭಯ್ಯಾನ ಹೊಸ ಸ್ಕೂಟರಿನ ಎರಡು ಫೋಟೋ.

ಬುಧವಾರ ಬೆಳಿಗ್ಗೆ ಮದುವೆ ಮುಗಿದು ಚಕ್ರ ನಿಂತುಹೋಯಿತು. ಹಾಳೆ ಇರಲಿಲ್ಲ.

ಅಮ್ಮ ನಮ್ಮಿಬ್ಬರನ್ನೂ ತನ್ನ ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿದಳು. ಅಮ್ಮ ಕೂಗಾಡಿದರೆ ಭಯವಿಲ್ಲ. ಅವತ್ತು ದನಿ ತಗ್ಗಿಸಿದ್ದಳು.

"ನಾಳೆ ಹನ್ನೊಂದಕ್ಕೆ ಬರ್ತಾರೆ. ಹಾಳೆ ಇಲ್ದೇ ಇದ್ರೆ ಮುದ್ರೆ ವಾಪಸ್ ತಗೋತಾರೆ. ಹನ್ನೊಂದು ಮನೆ ಇದೆ ಈ ಮುದ್ರೆ ಮೇಲೆ. ಈಗ ಹೇಳಿ, ಎಲ್ಲಿ ಹಾಳೆ?"

ನಾನು ಅಮ್ಮನ ಮೇಜಿನ ಮೇಲಿನ ಸ್ಟೇಪ್ಲರನ್ನು ನೆಟ್ಟಗಿಟ್ಟೆ.

ಟಿಕ್. "ಮೇಡಂ, ಹಳೇದು ಹೋಗ್ಲಿ ಅಂತ ಹೇಳಿದ್ದು ನಾನೇ," ಅಂದರು ಮಾಮ. "ಅದರ ಜೊತೆ ಹಾಳೆನೂ ಹೋಯ್ತು."

ಒಂದಕ್ಷರ ಸುಳ್ಳಿಲ್ಲ. ಅದಕ್ಕೇ ನನಗೆ ಅವರ ಮಾತನ್ನು ತಡೆಯಲಾಗಲಿಲ್ಲವೇನೋ. ಅಥವಾ ತಡೆಯುವ ಮನಸ್ಸಿರಲಿಲ್ಲ.

"ನಿಮಗೆ ಮೊದಲಿಂದ್ಲೂ ಇದು ಇಷ್ಟ ಇರ್ಲಿಲ್ಲ," ಅಂದಳು ಅಮ್ಮ. "ಆ ಡಬ್ಬಾಗೆ ಪೂಜೆ ಮಾಡ್ಕೊಂಡು ಕೂತಿರೋದೇ ಬೇಕಿತ್ತು ನಿಮಗೆ. ಬೇಕಂತಲೇ ಮಾಡಿದ್ರೋ, ಮರೆತು ಮಾಡಿದ್ರೋ, ದೇವರಿಗೇ ಗೊತ್ತು. ಶುಕ್ರವಾರದಿಂದ ಬರೋದು ಬೇಡ ಬಾಬೂಜಿ."

"ನೋಟೆಡ್."

ನಾನು ಗೋಡೆಯ ಮೇಲಿದ್ದ ಮಾದರಿ ಗೇಜನ್ನು ನೋಡುತ್ತಾ ನಿಂತಿದ್ದೆ. ಅದರ ಮುಳ್ಳು ಸೊನ್ನೆಯ ಮೇಲಿತ್ತು. ನನ್ನ ಎದೆಗೆ ಅಂಥದೊಂದನ್ನು ಸಿಕ್ಕಿಸಿದ್ದರೆ ಗಾಜು ಒಡೆದು ಮುಳ್ಳು ಮೀರತ್ತಿನಲ್ಲಿ ಬಿದ್ದಿರುತ್ತಿತ್ತು.

ಹೊರಗೆ ಮೆಟ್ಟಿಲ ಮೇಲೆ ಅವರ ಹಿಂದೆ ಓಡಿದೆ. "ಮಾಮ, ಸಾರಿ ಮಾಮ, ನಾನು..."

"ಅದಿರ್ಲಿ. ನಿಮ್ಮಮ್ಮ ಆ ರದ್ದಿ ಚೀಟಿಗೆ ಸಹಿ ಹಾಕಿದ್ರಾ?"

"ಯಾವ ರದ್ದಿ? ಆ ಕಾಗದದ ಕಟ್ಟುಗಳಾ? ಇಲ್ವಲ್ಲ, ಬೇರೆ ಕೆಲಸ ಇಲ್ವಾ ಅಂದ್ಬಿಟ್ಲಲ್ಲ."

"ಹಾಗಿದ್ರೆ ಬಾ."

ಬ್ಯಾಟರಿ ರಿಕ್ಷಾ ಹತ್ತಿ ಎರಡು ಗಲ್ಲಿ ಆಚೆಯ ಅವರ ಮನೆಗೆ ಹೋದೆವು. ಒಂದೇ ಕೋಣೆಯ ಫ್ಲ್ಯಾಟು. ದೀವಾನದ ಹಲಗೆ ಎತ್ತಿದರು. ಒಳಗೆ ರಜಾಯಿ ಇರಬೇಕಾದ ಜಾಗದಲ್ಲಿ ಕೆಂಪು ದಾರ ಕಟ್ಟಿದ ಕಟ್ಟುಗಳು, ತಿಂಗಳು ತಿಂಗಳಾಗಿ, ನಾಲ್ಕು ವರ್ಷದವು, ನಡುವೆ ಬೇವಿನೆಲೆ, ನುಸಿಗುಳಿಗೆ.

"ಸಹಿ ಆಗದೇ ಇರೋ ಕಾಗದ ನಾಶ ಮಾಡಂಗಿಲ್ಲ," ಅಂದರು. "ಆಫೀಸಲ್ಲಿಡೋಕೆ ಅವರು ಬಿಡ್ಲಿಲ್ಲ."

"ಚಳಿಗಾಲದಲ್ಲಿ ರಜಾಯಿ ಎಲ್ಲಿಡ್ತಿದ್ರಿ?"

"ಹೊದ್ಕೋತಿದ್ದೆ ಪುಟ್ಟಿ."

ಮೂರು ರಿಕ್ಷಾ ತುಂಬಾ ಹಾಳೆ ತಂದೆವು. ಮಧ್ಯಾಹ್ನವಿಡೀ ಮಾಮ ದಾರ ಬಿಚ್ಚಿ, ಪಿನ್ನು ಕಿತ್ತು, ಓದಿ ಹೇಳುತ್ತಾ ಹೋದರು. ನಾನು ಸ್ಕ್ಯಾನ್ ಮಾಡಿ, ಈ ಸಲ ಗಾತ್ರ ಕುಗ್ಗಿಸಿ, ಮೇಲೆ ಹತ್ತಿಸುತ್ತಾ ಹೋದೆ. ಮೂರು ಗಂಟೆಗೆ ಕರೆಂಟು ಹೋಯಿತು. ಇನ್ವರ್ಟರು ಸ್ಕ್ಯಾನರನ್ನು ನೋಡಿ ಕುಯ್ಯೋ ಎಂದಿತು. ಮಾಮ ಫ್ಯಾನುಗಳನ್ನೆಲ್ಲ ಆರಿಸಿಬಂದರು. ಜೂನ್ ತಿಂಗಳ ಘಾಜಿಯಾಬಾದಿನಲ್ಲಿ, ಕಿಟಕಿ ತೆರೆದರೆ ಹಾಳೆ ಹಾರುತ್ತದೆಂದು ಕಿಟಕಿಯನ್ನೂ ಹಾಕಿ, ಎಲ್ಲರೂ ಇಡ್ಲಿಯಂತೆ ಬೆಂದೆವು. ಅಮ್ಮ ಬಂದು ಪಿನ್ನು ಕೀಳತೊಡಗಿದಳು, ಮಾಮನ ಮುಖ ನೋಡದೆ. ಏಳಕ್ಕೆ ಐದು ನಿಮಿಷ ಇರುವಾಗ ಕೊನೆಯ ಹಾಳೆ ಹತ್ತಿತು. ಈ ಸಲ ಫೋಲ್ಡರಿಗೆ HAALE ಎಂದು ಹೆಸರಿಟ್ಟೆ. ನನ್ನ ಲ್ಯಾಪ್‌ಟಾಪಿನ ಎ ಗಟ್ಟಿಮುಟ್ಟಾಗಿತ್ತು.

ಗುರುವಾರ ಬಂದ ಅಧಿಕಾರಿ ಸಣ್ಣ ಮೀಸೆಯ, ನೀರು ಕೂಡ ಅನುಮಾನಿಸಿ ಕುಡಿಯುವ ಮನುಷ್ಯ. ಲಿಂಕ್ ತೆರೆದರು. ಒಂದು ಹಾಳೆ ನೋಡಿದರು, ಇನ್ನೊಂದು ನೋಡಿದರು. ಆಮೇಲೆ ಪರದೆಯನ್ನು ಅಮ್ಮನ ಕಡೆ ತಿರುಗಿಸಿದರು.

"ಮೇಡಂ, ಯೇ ಸಬ್ ಕಲ್ ಕಾ ಹೈ."

ನಿಜ. ಪ್ರತಿ ಹಾಳೆಯ ಪಕ್ಕದಲ್ಲೂ ನಿನ್ನೆಯ ತಾರೀಖು, ನನ್ನ ಹೆಸರು. ನಾಲ್ಕು ವರ್ಷದ ಪರೀಕ್ಷೆಯನ್ನು ಒಂದೇ ದಿನ ಕೂತು ಬರೆದಿರಾ ಎಂದು ಹಿಂದಿಯಲ್ಲಿ ಬಹಳ ವಿನಯದಿಂದ ಕೇಳಿದರು.

ಮಾಮ ಎರಡು ಕಟ್ಟು ಎತ್ತಿ ಮೇಜಿನ ಮೇಲಿಟ್ಟರು. ಅಧಿಕಾರಿ ಒಂದು ಗೇಜಿನ ನಂಬರು ಹೇಳಿದರು. ಹೇಳಿ ಮುಗಿಸುವಷ್ಟರಲ್ಲಿ ಹಾಳೆ ಎದುರಿಗಿತ್ತು, ಪಿನ್ನಿನ ತುಕ್ಕಿನ ಗುರುತಿನ ಸಮೇತ. ಇನ್ನೊಂದು ಕೇಳಿದರು. ಸಿಕ್ಕಿತು. ಅಧಿಕಾರಿ ಹಾಳೆಯನ್ನು ಬೆಳಕಿಗೆ ಹಿಡಿದರು, ಮೂಸಿಯೂ ನೋಡಿದರು. "ಕಾಗಜ್ ತೋ ಅಸಲೀ ಹೈ," ಅಂದರು. ಹಾಗಾದರೆ ಇದುವರೆಗೆ ಕಂಪ್ಯೂಟರಿನಲ್ಲಿದ್ದದ್ದು ಎಲ್ಲಿ? ಅಳಿಸಿದ್ದು ಯಾರು, ಯಾರ ತಪ್ಪು ಎಂದು ಕೇಳಿದರು. "ಕಿಸ್‌ಕೀ ಗಲತೀ?"

ಟಿಕ್. ಮುಚ್ಚಳ ಬಿದ್ದ ಸದ್ದು ನನಗೆ ಕೇಳಿಸಿತು. ಇನ್ನೊಂದು ಕ್ಷಣಕ್ಕೆ ಅವರು ಮತ್ತೆ ಆ ನಿಜವನ್ನೇ ಹೇಳಿ, ನನ್ನ ಸುಳ್ಳನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳುತ್ತಿದ್ದರು.

"ಮೇರೀ," ನನ್ನದೇ, ಅಂದೆ. ನನ್ನ ದನಿ ಯಾರದೋ ಬೆಕ್ಕಿನದಾಗಿತ್ತು. ನಾನು ಅಳಿಸಿದ್ದೆಂದು, ಹಾಳೆ ಎಂದಿದ್ದದ್ದನ್ನು ಹಳೆ ಎಂದು ಓದಿದೆನೆಂದು, ಓದಿ ಹೇಳುತ್ತೇನೆಂದವರನ್ನು ನಾನೇ ಬೇಡವೆಂದೆನೆಂದು ಹೇಳಿದೆ. ಅಧಿಕಾರಿಗೆ ಅರ್ಥವಾಗಲಿಲ್ಲ. ಅವರ ಭಾಷೆಯಲ್ಲೇ ಬಿಡಿಸಿದೆ: "ಜೈಸೇ ಕಲ್ ಔರ್ ಕಾಲ್. ಏಕ್ ಮಾತ್ರಾ ಕಾ ಫರ್ಕ್." ಕಲ್ ಅಂದರೆ ನಿನ್ನೆ, ಕಾಲ್ ಅಂದರೆ ಯಮ; ನಡುವೆ ಒಂದೇ ಮಾತ್ರೆ, ನಮ್ಮ ಇಳಿ.

ಅವರು ನನ್ನನ್ನು ನೋಡಿದರು, ಮಾಮನ ಕಟ್ಟುಗಳನ್ನು ನೋಡಿದರು. ಸಣ್ಣ ಮೀಸೆ ಸ್ವಲ್ಪ ಅಗಲವಾಯಿತು. "ನಾಲ್ಕು ವರ್ಷ ಒಂದು ಮಾತ್ರೆಯ ಕೆಳಗೆ ಹೋಯಿತಲ್ಲ ಬೇಟಾ," ಎಂದು ತಮ್ಮ ವರದಿಯಲ್ಲಿ ಒಂದು ಸಾಲು ಬರೆದರು: ಫೋಲ್ಡರುಗಳ ಹೆಸರು ಎಲ್ಲರಿಗೂ ತಿಳಿಯುವಂತಿರಲಿ. ಮುದ್ರೆ ಉಳಿಯಿತು.

ಅಮ್ಮ ನನ್ನೊಡನೆ ಒಂಬತ್ತು ದಿನ ಮಾತಾಡಲಿಲ್ಲ. ಆದರೆ ಅಂದು ಸಂಜೆ ಮಾಮ ತಮ್ಮ ಡಬ್ಬಿ, ಕೊಡೆ, ಮಂಕಿ ಕ್ಯಾಪು ಚೀಲಕ್ಕೆ ತುಂಬುತ್ತಿದ್ದಾಗ, ಅವರ ಚೀಟಿ ಪುಸ್ತಕವನ್ನು ಎಳೆದುಕೊಂಡು ನಿಂತಲ್ಲೇ ಬರೆದಳು: ಶುಕ್ರವಾರದಿಂದ ಬರುವುದು ಬೇಡ ಎಂದು ಹೇಳಿದ್ದನ್ನು ಈ ಮೂಲಕ ರದ್ದು ಮಾಡಲಾಗಿದೆ. ಕೆಳಗೆ ಪೂರ್ತಿ ಸಹಿ ಹಾಕಿದಳು, ತಾರೀಖಿನ ಸಮೇತ.

ಮಾಮ ಓದಿ, ಮಡಚಿ, ಜೇಬಿಗಿಟ್ಟುಕೊಂಡರು. ಆವತ್ತು "ನೋಟೆಡ್" ಅನ್ನಲಿಲ್ಲ. ಕನ್ನಡಕ ತೆಗೆದು ಒರೆಸುತ್ತಾ ಕೂತರು.

ಆಮೇಲಿನ ತಿಂಗಳುಗಳಲ್ಲಿ ಆ ಹೊಸ ಜಾಗವನ್ನು ಅವರೂ ಕಲಿತರು. ಯಾರಾದರೂ ಅದೇ ಫೈಲು ತೆರೆದರೆ ಮೇಲೆ ಬಣ್ಣದ ಚುಕ್ಕಿ ಬರುತ್ತದಲ್ಲ, ಅದನ್ನು ಕಂಡರೆ "ಯಾರೋ ಬಂದ್ರು" ಎಂದು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದರು. ಆ ಮಂಗಳವಾರದ ಚಕ್ರದ ಬಗ್ಗೆ ಒಂದು ದಿನವೂ ಕೇಳಲಿಲ್ಲ. ಅಧಿಕಾರಿಯ ಮುಂದೆ ನಾನು ಎಲ್ಲ ಹೇಳಿದ್ದೆ, ಅದೊಂದನ್ನು ಬಿಟ್ಟು. ಸಿಂಕ್ ಎಂದರೆ ನಿಜವೆಂದೇ ನಂಬಿದರು ಪಾಪ, ಎಂದು ನನ್ನ ಲೆಕ್ಕ.

ಕಳೆದ ವಾರ ಆ ಪ್ರಶ್ನೆ ಬಂದಾಗ, ಒಪ್ಪಿಸುವ ಮುಂಚೆ ಏನಿದೆ ನೋಡೋಣವೆಂದು ಅವರ ಜಾಗದೊಳಗೆ ಹೋದೆ. ಅವರ ಸ್ವಂತದ್ದೆಂದು ಇದ್ದದ್ದು ಒಂದೇ ಕಾಗದ. ಹೆಸರು, ಕಳೆ ಕೀಳುವ ಪಟ್ಟಿ. ತಪಾಸಣೆಯ ಮರುವಾರವೇ ಅದನ್ನು ನನಗೆ ಹಂಚಿದ್ದರು. ಬರುವ ನೋಟಿಫಿಕೇಶನ್ನುಗಳನ್ನೆಲ್ಲ ಒರೆಸಿ ಹಾಕುವ ನಾನು ಅದನ್ನು ತೆರೆದೇ ಇರಲಿಲ್ಲ. ನಾಲ್ಕು ಕಾಲಮ್ಮು, ಒಂದೇ ಸಾಲು.

ಕ್ರಮ ಸಂಖ್ಯೆ: ಒಂದು.

ವಿವರ: ಮಂಗಳವಾರ ಪುಟ್ಟಿ ಹೇಳಿದ "ಸಿಂಕ್ ಆಗ್ತಿದೆ" ಎಂಬ ಮಾತು. ಆಗುತ್ತಿದ್ದದ್ದು ಮದುವೆಯ ವಿಡಿಯೋ. ಧಾರೆಯವರೆಗೆ ನೋಡಿದೆ, ಚೆನ್ನಾಗಿದೆ.

ಷರಾ: ಇದು ಹಳೆ. ಹಾಳೆ ಅಲ್ಲ. ನಾಶ ಮಾಡಬಹುದು.

ಸಹಿ: ಖಾಲಿ.

ಗ್ರೇಟರ್ ನೋಯ್ಡಾಗೆ ಫೋನ್ ಮಾಡಿದೆ. ಮಗಳು ಎತ್ತಿ ಅವರಿಗೆ ಕೊಟ್ಟಳು.

"ಮಾಮ, ಆ ಪಟ್ಟಿ ಇವತ್ತು ನೋಡಿದೆ."

"ಬೇಗ ನೋಡಿದೆ."

"ಅದಕ್ಕೆ ನಾನು ಸಹಿ ಹಾಕಲ್ಲ. ಹಾಳೆ ಫೋಲ್ಡರಿಗೆ ಸೇರಿಸ್ತಿದೀನಿ."

ಅಕ್ಷರ ಕಾಣದ ಕಣ್ಣಿಟ್ಟುಕೊಂಡು, ಹದಿನೇಳನೇ ಮಹಡಿಯಲ್ಲಿ ಕೂತು, ಪೆನ್ನು ಯಾಕೆ ಹಿಡಿದಿದ್ದರೋ ಗೊತ್ತಿಲ್ಲ.

ಟಿಕ್.

"ನೋಟೆಡ್," ಅಂದರು.